ಎಲ್ಲೂ ಸಿಗದ ರಿಮ್

ಸಾರಕ್ಕಿ ಸಿಗ್ನಲ್ ಹತ್ತಿರ ಆಟೋ ಒಂದು ತಾಗಿ ನಮ್ಮ ಮಾವ, ಅಂದರೆ ನನ್ನ ಗಂಡನ ಅಪ್ಪ, ಸೈಕಲ್ ಸಮೇತ ಬಿದ್ದರು. ಮೊಣಕಾಲು ತರಚಿದ್ದು ಬಿಟ್ಟರೆ ಅವರಿಗೇನೂ ಆಗಲಿಲ್ಲ. ಆದದ್ದೆಲ್ಲ ಮುಂದಿನ ಚಕ್ರಕ್ಕೆ. ರಿಮ್ಮು ಕರಿದ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಎಪ್ಪತ್ತು ದಾಟಿದವರು ಆ ಟ್ರಾಫಿಕ್ಕಿನಲ್ಲಿ ಸೊಪ್ಪು ತರಲು ಸೈಕಲ್ ತುಳಿದುಕೊಂಡು ಹೋಗುವುದು ನನಗೆ ಮೊದಲಿನಿಂದಲೂ ಇಷ್ಟವಿರಲಿಲ್ಲ. ಒಳ್ಳೆಯದೇ ಆಯಿತು, ಪೀಡೆ ತೊಲಗಿತು ಅಂದುಕೊಂಡೆ.

ಹೊಸ ರಿಮ್ ಸಿಗುತ್ತದಾ ನೋಡಮ್ಮ ಎಂದು ಅವರು ಕೇಳಿದರು. ನಾನು ಸ್ಕೂಟರಿನಲ್ಲಿ ಜಯನಗರಕ್ಕೆ ಹೋಗಿ, ಬ್ಲೌಸ್ ಹೊಲಿಯಲು ಕೊಟ್ಟು, ಮಸಾಲೆ ದೋಸೆ ತಿಂದು ಬಂದೆ. ಎಲ್ಲ ಅಂಗಡಿಯಲ್ಲೂ ಕೇಳಿದೆ, ಈ ಸೈಜು ಈಗ ಬರುವುದೇ ಇಲ್ಲವಂತೆ ಎಂದೆ. ಒಂದೇ ಒಂದು ಸೈಕಲ್ ಅಂಗಡಿಯ ಮೆಟ್ಟಿಲೂ ಹತ್ತಿರಲಿಲ್ಲ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯ.

ಅವರು ನಂಬಿದರು. ನಂಬಿ ಸುಮ್ಮನಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಪಾಪ, ನಮ್ಮ ಸೊಸೆ ನನಗೋಸ್ಕರ ಬಿಸಿಲಲ್ಲಿ ಇಡೀ ಜಯನಗರ ಸುತ್ತಿದಳು ಎಂದು ಪದ್ಮನಾಭನಗರದ ನಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದರು. ಎದುರುಮನೆ ಆಂಟಿ ನನ್ನನ್ನು ಹೊಗಳಿದಾಗ ತಿಂದ ದೋಸೆ ಮತ್ತೆ ಗಂಟಲಿಗೆ ಬಂದಂತಾಯಿತು.

ನನ್ನನ್ನು ಇನ್ನೂ ಅಲೆಸಬಾರದೆಂದು ಅವರೇ ಒಂದು ಬೆಳಗ್ಗೆ ಹೇಳದೆ ಕೇಳದೆ ಹೊರಟರು. ವಾಪಸು ಬಂದಾಗ ಹೆಗಲಲ್ಲಿ ಸಾರಕ್ಕಿಯ ಗುಜರಿ ಅಂಗಡಿಯ ಹಳೆ ರಿಮ್ಮು, ಬೆವರಿಗೆ ಬೆನ್ನಿಗಂಟಿದ ಅಂಗಿ. ಹೋಗುವಾಗಲೂ ಬರುವಾಗಲೂ ಅದೇ ಸಿಗ್ನಲ್ಲನ್ನು ನಡೆದು ದಾಟಿದ್ದರು. ಯಾವ ರಸ್ತೆಯಿಂದ ಅವರನ್ನು ಉಳಿಸಲು ಹೊರಟಿದ್ದೆನೋ ಅದೇ ರಸ್ತೆಗೆ ನಾನೇ ಅವರನ್ನು ಅಟ್ಟಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಅವರ ಬೆರಳು ನಡುಗುತ್ತವೆ, ಹಾಗಾಗಿ ಚಕ್ರ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ವರಾಂಡದಲ್ಲಿ ಕೂತು ಸೊಟ್ಟ ಚಕ್ರದ ಕಡ್ಡಿಗಳಿಗೆಲ್ಲ ಎಣ್ಣೆ ಬಿಟ್ಟು ಸಡಿಲಿಸಿದೆವು. ಅದರ ಪಕ್ಕಕ್ಕೆ ಗುಜರಿ ರಿಮ್ಮನ್ನು ದಾರದಲ್ಲಿ ಬಿಗಿದೆವು. ಆಮೇಲೆ ಒಂದೊಂದೇ ಕಡ್ಡಿಯನ್ನು ಆ ರಿಮ್ಮಿನಿಂದ ಬಿಡಿಸಿ ಈ ರಿಮ್ಮಿನ ತೂತಿಗೆ ದಾಟಿಸುವುದು. ಅವರು ತೋರಿಸುತ್ತಿದ್ದರು, ನಾನು ಬಿಗಿಯುತ್ತಿದ್ದೆ. ನಾಲ್ಕು ಕಡ್ಡಿ ಸಡಿಲ ಬಿಟ್ಟರೆ ಸಾಕು, ಇದು ನಮ್ಮ ಬೀದಿಯನ್ನೂ ದಾಟುವುದಿಲ್ಲ ಎಂಬ ಯೋಚನೆಯೂ ಬಂತು. ಅಷ್ಟು ಕೆಟ್ಟವಳಾಗಲು ಧೈರ್ಯ ಸಾಲಲಿಲ್ಲ.

ಆಗ ಎದುರುಮನೆ ಆಂಟಿ ಗೇಟಿನಲ್ಲಿ ನಿಂತು ಮಾತಾಡಿಸಿದರು. ಮಾವ ಮತ್ತೆ ಶುರು ಮಾಡಿದರು, ನನ್ನ ಜಯನಗರದ ಅಲೆದಾಟದ ಕಥೆ. ಈ ಸಲ ನಾನು ಸುತ್ತಿದ ಅಂಗಡಿಗಳೂ ಹೆಚ್ಚಾಗಿದ್ದವು. ಆಂಟಿ ತಮ್ಮ ಮನೆಗೆ ಹೋದ ಮೇಲೆ ನನಗೆ ತಡೆಯಲಾಗಲಿಲ್ಲ.

"ಮಾವ, ನಾನು ಒಂದ್ ಅಂಗಡೀಲೂ ಕೇಳಿಲ್ಲ. ನೀವು ಸೈಕಲ್ ತುಳೀಬಾರ್ದು ಅಂತ ಸುಳ್ಳು ಹೇಳ್ದೆ."

ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಹೌದೇನಮ್ಮ ಎಂದರು, ಅಷ್ಟೇ. ಆಮೇಲೆ ಮುಂದಿನ ಕಡ್ಡಿಯನ್ನು ತೋರಿಸಿದರು. ಸಂಜೆಯ ಹೊತ್ತಿಗೆ ಚಕ್ರ ಓಲಾಡದೆ ತಿರುಗಿತು, ಮಾರನೆಯ ದಿನ ಅವರು ಸೊಪ್ಪಿಗೆ ಹೊರಟರು.

ನನ್ನ ಜೊತೆ ಮಾತು ಬಿಟ್ಟಿಲ್ಲ. ಊಟ, ಕಾಫಿ, ಟಿವಿ ಎಲ್ಲ ಮೊದಲಿನ ಹಾಗೆಯೇ. ಮೊನ್ನೆ ಅವರ ಬಿಪಿ ಮಾತ್ರೆ ಮುಗಿದಿತ್ತು. ಸುತ್ತಮುತ್ತಲಿನ ಮೆಡಿಕಲ್ ಸ್ಟೋರುಗಳಿಗೆಲ್ಲ ಹೋಗಿ, ಕೌಂಟರಿನಲ್ಲಿ ನಿಂತು ಕೇಳಿ ಬಂದೆ. ದೇವರಾಣೆಗೂ ಎಲ್ಲೂ ಇರಲಿಲ್ಲ. ಸ್ಟಾಕ್ ನಾಳೆ ಬರುತ್ತದಂತೆ ಮಾವ ಎಂದೆ.

ಅವರು ನನ್ನ ಮುಖ ನೋಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಸೈಕಲ್ಲಿನ ಸ್ಟ್ಯಾಂಡ್ ತೆಗೆದರು.

"ಇರ್ಲಿ ಬಿಡಮ್ಮ. ನಾನೇ ಒಂದ್ಸಲ ಹೋಗಿ ಕೇಳ್ಕೊಂಡ್ ಬರ್ತೀನಿ."