ನನ್ನ ಮಗಳಾಗಿ ಬಂದ ಅಪ್ಪ

ಅಪ್ಪ ತೀರಿಹೋಗಿ ವರ್ಷ ತುಂಬುವ ಮೊದಲೇ ನನಗೆ ಮಗಳು ಹುಟ್ಟಿದಳು. ಡೊಂಬಿವಲಿಯ ನರ್ಸಿಂಗ್ ಹೋಮಿನಲ್ಲಿ ಕೂಸು ಹಾಲು ಬೇಡವೆಂದು ತುಟಿ ಬಿಗಿದು ಮುಖ ತಿರುಗಿಸಿತು. ಕಾಫಿ ಸರಿಯಾಗದಿದ್ದರೆ ಅಪ್ಪ ಮಾಡುತ್ತಿದ್ದದ್ದೂ ಹಾಗೇ. ಅಮ್ಮನಿಗೆ ಅಷ್ಟು ಸಾಕಾಯಿತು. "ಇವರು ಬಂದ್ರು" ಅಂದಳು.

ಅಮ್ಮ ಗಂಡನ ಹೆಸರು ಹೇಳಿದವಳಲ್ಲ. "ಇವರು" ಅಂದರೆ ಅಪ್ಪ. ಈಗ ತೊಟ್ಟಿಲಿನ ಕೂಸು "ಇವರು" ಆಯಿತು. "ಇವರು ಮಲಗಿದ್ರಾ? ಇವರಿಗೆ ಸೆಕೆ ಆಗ್ತದೆ, ಫ್ಯಾನ್ ಹಾಕು ಮಾರಾಯ." ಮೊದಮೊದಲು ನಾನೂ ನಕ್ಕೆ. ಮಗಳು ಓಡಾಡುವ ಹೊತ್ತಿಗೆ ನಗು ನಿಂತುಹೋಗಿತ್ತು. ಅವಳು ಗೋಡೆಗೆ ಗೀಚಿದರೂ ಗದರುವಂತಿಲ್ಲ. "ಅಪ್ಪನ ಮೇಲೆ ಕೈ ಎತ್ತುತ್ತೀಯಾ?" ಅಂತ ಅಮ್ಮ ಅಡ್ಡ ಬರುತ್ತಿದ್ದಳು. ಹೆಂಡತಿಯೂ ಅತ್ತೆಯ ಪಾರ್ಟಿ.

ನನಗೆ ಅಪ್ಪ ಬೇಕಿರಲಿಲ್ಲ ಅಂತಲ್ಲ. ಅಪ್ಪನಿಗೆ ನಾನು ಬೇಕಿರಲಿಲ್ಲ. ಅಣ್ಣನನ್ನು ಕಾಲೇಜಿಗೆ ಕಳಿಸಿದರು. ನನ್ನನ್ನು ಏಳನೇ ಕ್ಲಾಸಿಗೇ ಬಿಡಿಸಿ ಠಾಣೆ ಊರಿನ ಒಂದು ಹೋಟೆಲಿನ ಒಲೆಯೆದುರು ನಿಲ್ಲಿಸಿದರು. ಆ ಒಲೆಯಿಂದಲೇ ಮೇಲೆ ಬಂದು ನೌಪಾಡಾದಲ್ಲಿ ಸ್ವಂತ ಹೋಟೆಲ್ ಹಾಕಿದೆ. ಯಾರ ಶಿಫಾರಸೂ ಇಲ್ಲ, ನನ್ನ ಎರಡು ಕೈ ಮಾತ್ರ. ಶುರು ಮಾಡಿದ ದಿನ ಅಪ್ಪ ಬಂದು, ನಾನು ಹೊಯ್ದ ಮಸಾಲೆದೋಸೆ ಪೂರ್ತಿ ತಿಂದು, ಎದುರು ಕೂತ ಗಿರಾಕಿಗೆ ಹೇಳಿದ್ದು ಏನು ಗೊತ್ತಾ? "ನನ್ನ ದೊಡ್ಡವನು ಬ್ಯಾಂಕಿನಲ್ಲಿದ್ದಾನೆ."

ಆ ದೊಡ್ಡವನು ಭಾನುವಾರ ಸಾನಪಾಡಾದ ತನ್ನ ಫ್ಲ್ಯಾಟಿನಿಂದ ಬಂದರೆ ಮಗಳು ಹಾರಿ ಅವನ ತೊಡೆಯೇರುತ್ತಿದ್ದಳು. ಚಾಕ್ಲೇಟಿಗೆ ಅಂತ ನನಗೆ ಗೊತ್ತು. ಆದರೂ ಹೊಟ್ಟೆ ಉರಿಯುತ್ತಿತ್ತು.

"ನೋಡು, ಆಗಲೂ ದೊಡ್ಡವನೇ, ಈಗಲೂ ದೊಡ್ಡವನೇ" ಅಂತ ಅಮ್ಮ ತುಪ್ಪ ಹೊಯ್ಯುತ್ತಿದ್ದಳು.

"ಹಾಗಾದ್ರೆ ಸಾನಪಾಡಾದಲ್ಲೇ ಹುಟ್ಟಬಹುದಿತ್ತಲ್ಲ?"

"ನಿನ್ನ ಹತ್ರ ಋಣ ಉಂಟು. ಸಾಕಿಸಿಕೊಳ್ಳಲಿಕ್ಕೆ ಇಲ್ಲಿ ಬಂದದ್ದು."

ಅಂದರೆ ಸಾಕುವುದು ನಾನು, ಪ್ರೀತಿ ಅಣ್ಣನಿಗೆ. ಸತ್ತು ಮರಳಿ ಬಂದರೂ ಮನುಷ್ಯ ಬದಲಾಗಲಿಲ್ಲ ಅನ್ನಿಸುತ್ತಿತ್ತು. ಕೆಲವು ಸಲ ಮಲಗಿದ ಮಗಳ ಮುಖ ನೋಡುತ್ತ, ಅಪ್ಪನನ್ನು ಕೇಳಬೇಕಾದ್ದನ್ನು ಅವಳ ಹತ್ತಿರವೇ ಕೇಳಿಬಿಡೋಣ ಅಂದುಕೊಂಡದ್ದುಂಟು.

ಈ ವರ್ಷ ಅಪ್ಪನ ಶ್ರಾದ್ಧ ಅಣ್ಣನ ಫ್ಲ್ಯಾಟಿನಲ್ಲಿ. ಹಿರಿಯನಾದ್ದರಿಂದ ದರ್ಭೆ ಹಾಕಿಕೊಂಡು ಕೂರುವುದು ಅವನು, ಅಡುಗೆ ನನ್ನದು. ಬೇರೆಯವರ ಕೈಗೆ ನಾನು ಕೊಡುವುದೂ ಇಲ್ಲ. ಮಡಿಯಲ್ಲಿ ಉದ್ದಿನ ವಡೆ ಕರಿಯುತ್ತ ಅಮ್ಮನನ್ನು ಕೆಣಕಿದೆ. "ವಾಪಸ್ ಬಂದವರಿಗೆ ಪಿಂಡ ಯಾಕೆ?"

"ಅದು ಶಾಸ್ತ್ರ. ಇವರು ಬಂದದ್ದು ಬೇರೆ. ನೀನು ವಡೆ ಕರಿ."

ಒಂದನೇ ಕ್ಲಾಸಿನ ಮಗಳು ಹಸಿವು ತಾಳದೆ ಅಡುಗೆಮನೆ ಬಾಗಿಲಿಗೆ ಬಂದು ಅಜ್ಜಿಗೆ "ಆಜಿ, ಭೂಕ್ ಲಗೀ ಹೈ" ಅಂದಳು. ಪಿತೃಗಳಿಗೆ ಬಡಿಸುವ ಮೊದಲು ಯಾರೂ ಬಾಯಿಗೆ ಹಾಕುವಂತಿಲ್ಲ, ಮಕ್ಕಳಿಗೂ ಬೇರೆ ಏನಾದರೂ ಕೊಡಬೇಕು. ಜೀವಮಾನವಿಡೀ ಮಡಿ ಮಾಡಿದ ನನ್ನಮ್ಮ ರಾಶಿಯಿಂದ ಒಂದು ಬಿಸಿ ವಡೆ ತೆಗೆದು ಅವಳ ಕೈಗಿಟ್ಟಳು.

ಹೊರಕೋಣೆಯಲ್ಲಿ ಶ್ರಾದ್ಧ ಮಾಡಿಸುತ್ತಿದ್ದ ಭಟ್ಟರು ಒಳಗೆ ನೋಡಿ ಮಂತ್ರ ನಿಲ್ಲಿಸಿದರು. "ಅಯ್ಯೋ, ಎಂತ ಮಾಡಿದ್ರಿ ಅಮ್ಮಾ! ಇನ್ನೂ ಬಡಿಸ್ಲೇ ಇಲ್ಲ!"

"ಯಾರಿಗೆ ಬಡಿಸುವುದೋ ಅವರೇ ತಿಂದ್ರು, ಭಟ್ರೇ" ಅಂದಳು ಅಮ್ಮ, ಏನೂ ಆಗದವಳಂತೆ.

ಭಟ್ಟರು ಹಣೆ ಚಚ್ಚಿಕೊಂಡು, ಉಳಿದ ಹಿಟ್ಟಿನಲ್ಲಿ ಬೇರೆ ಕರಿಯಲು ಹೇಳಿದರು. ಅಷ್ಟರಲ್ಲಿ ಮಗಳು ಅರ್ಧ ವಡೆ ಹಿಡಿದು ಹೊರಕೋಣೆಗೆ ಓಡಿ ಮಡಿಯಲ್ಲಿ ಕೂತಿದ್ದ ಅಣ್ಣನ ಕೊರಳಿಗೆ ಜೋತುಬಿದ್ದಳು. "ದೊಡ್ಡಪ್ಪಾ, ಏಕದಮ್ ಮಸ್ತ್ ವಡಾ!"

ವಡೆ ಮಾಡಿದ್ದು ನಾನು. ಶಾಭಾಸ್ ಅವನಿಗೆ. ಆ ದಿನ ಹೋಟೆಲಿನಲ್ಲಿ ಆದದ್ದೂ ಇದೇ.

"ಏಯ್! ಇಳಿ ಕೆಳಗೆ! ಹೋಗಿ ಕೈ ತೊಳಿ!"

ನನ್ನ ದನಿ ನನಗೇ ಹೊಸದು. ಮಗಳು ಗಾಬರಿಯಿಂದ ಇಳಿದಳು. ಅಮ್ಮ ಸೆರಗು ಬಿಗಿದಳು. "ಯಾರಿಗೆ ಹೇಳ್ತಿದ್ದಿ ಅಂತ ಗೊತ್ತುಂಟಾ?"

"ನನ್ನ ಮಗಳಿಗೆ."

"ಅವರು ನಿನ್ನ—"

"ನಿನಗೆ ಗಂಡ ಆಗಿರಬಹುದು. ಅಣ್ಣನಿಗೆ ಅಪ್ಪ ಆಗಿರಬಹುದು. ನನಗಿರುವುದು ಒಬ್ಬಳು ಮಗಳು. ಅವಳನ್ನೂ ನೀವೆಲ್ಲ ಸೇರಿ ಅಪ್ಪ ಮಾಡಿಬಿಟ್ರೆ ನನಗೆ ಯಾರುಂಟು?"

ಮಗಳು ಕೈ ತೊಳೆದು ಬಂದು, ಅಳುತ್ತಳುತ್ತ ನನ್ನೆದುರು ಕಿರುಬೆರಳು ಚಾಚಿದಳು. "ಪಪ್ಪಾ ಸೇ ಕಟ್ಟಿ! ಬಾತ್ ನಹೀ ಕರೂಂಗೀ!" ಅಂತ ಠೂ ಬಿಟ್ಟು ಹೋಗಿ ಅಣ್ಣನ ಬೆನ್ನ ಹಿಂದೆ ಕೂತಳು.

ಅಲ್ಲೇ ಹೋಗಿ ಕೂರಬೇಕಿತ್ತಾ ಅನ್ನಿಸಿತು. ಆದರೆ ಅಪ್ಪ ಒಂದು ದಿನವೂ ನನ್ನ ಮೇಲೆ ಮುನಿಸಿಕೊಂಡವರಲ್ಲ. ಮುನಿಸಿಕೊಳ್ಳುವಷ್ಟು ನನ್ನನ್ನು ನೋಡಿದವರೇ ಅಲ್ಲ. ಇವಳು ಅಣ್ಣನ ಭುಜದ ಮೇಲಿಂದ ಇಣುಕಿ, ನಾನು ನೋಡುತ್ತಿದ್ದೇನೋ ಇಲ್ಲವೋ ಅಂತ ನೋಡುತ್ತಿದ್ದಳು. ನೋಡುತ್ತಿದ್ದೆ.