‘ಅಧ್ಯಕ್ಷರೇ’ ಎಂಬ ಬೈಗುಳ

ಏನೋ ಹುಡುಕಲೆಂದು ಹಳೇ ಟ್ರಂಕು ತೆಗೆದಾಗ ಮನೆಯ ಖಾತೆಪತ್ರ ಕೈಗೆ ಬಂತು. ಪಂಚಾಯಿತಿ ಅಧ್ಯಕ್ಷರ ಮೊಹರಿನ ಪಕ್ಕದಲ್ಲಿ ಒಣಗಿದ ಕೆಸರಿನ ಬೆರಳ ಗುರುತು ಇನ್ನೂ ಹಾಗೇ ಇದೆ...

ಆ ಮೊಹರು ಒತ್ತಿದವನು ನನ್ನ ಪಕ್ಕದ ಗದ್ದೆಯವನು. ಅರಕೆರೆ ಕಡೆಯ ನಾಲೆ ಬಯಲಿನಲ್ಲಿ ನಮ್ಮಿಬ್ಬರ ನಡುವೆ ಇದ್ದದ್ದು ಒಂದೇ ಬದು. ನಾಟಿಗೆ ಅವನ ಮನೆಯವರು ನಮಗೆ ಮುಯ್ಯಾಳು, ನಾವು ಅವರಿಗೆ. ತೊಂಬತ್ತರ ದಶಕದಲ್ಲಿ ಪಂಚಾಯಿತಿ ಚುನಾವಣೆ ಬಂದಾಗ, ಯಾರ ತಂಟೆಗೂ ಹೋಗದವನೆಂದು ಊರವರು ಅವನನ್ನೇ ಹಿಡಿದು ನಿಲ್ಲಿಸಿದರು. ಗೆದ್ದ, ಅಧ್ಯಕ್ಷನೂ ಆದ. ಗದ್ದೆಯನ್ನು ಮಾತ್ರ ಬಿಡಲಿಲ್ಲ. ಮೊಹರನ್ನು ಟವೆಲ್ಲಿನ ತುದಿಗೆ ಗಂಟು ಹಾಕಿಕೊಂಡೇ ಉಳುತ್ತಿದ್ದ. ಕಾಗದ ತಂದವರಿಗೆ ಬದುವಿನ ಮೇಲೇ ರುಜು. ನನ್ನ ಖಾತೆಪತ್ರಕ್ಕೂ ಹಾಗೇ. “ಲೇ, ಕೈ ತೊಳ್ಕಳ್ಲಾ” ಎಂದರೆ, “ಮಣ್ಣು ಕಣ್ಲಾ, ಒಲ್ಸಲ್ಲ” ಎಂದು ನಕ್ಕಿದ್ದ.

ಒಂದು ವರ್ಷ ನಾಲೆಯಲ್ಲಿ ನೀರು ಕಡಿಮೆಯಾಗಿ ಸರದಿ ಮೇಲೆ ಬಿಡತೊಡಗಿದರು. ನನ್ನ ಸಸಿಮಡಿ ಬಾಡುತ್ತಿತ್ತು. ತೂಬು ಕಾಯುವ ನೀರುಗಂಟಿಗೆ ಒಂದು ಮಾತು ಹೇಳು, ಎರಡು ದಿನ ಮುಂಚೆ ಬಿಡಲಿ ಎಂದು ಅವನನ್ನು ಕೇಳಿದೆ.

“ಸರದಿ ಅಂದ್ಮೇಲೆ ಸರದಿ ಕಣ್ಲಾ. ನಿಂಗೆ ಬುಡ್ಸುದ್ರೆ ನಾಳೆ ಯಾರ್ ಮಕ ನೋಡ್ಲಿ?” ಎಂದ.

ನನ್ನ ಸರದಿ ಬರುವ ಹೊತ್ತಿಗೆ ಸಸಿ ಒಣಗಿತ್ತು. ಅಂದು ಬದುವಿನಲ್ಲಿ ಎದುರಾದವನಿಗೆ ಕೈ ಮುಗಿದು, “ನಮಸ್ಕಾರ ಅಧ್ಯಕ್ಷರೇ” ಎಂದೆ. ಮಾತು ಕಲಿತಾಗಿನಿಂದ ‘ಲೇ’ ಎಂದೇ ಕರೆದವನು ನಾನು. ಅವನು ಮೊದಲು ನಕ್ಕ. ನಾನು ನಗದಿದ್ದುದನ್ನು ನೋಡಿ ಸಣ್ಣ ದನಿಯಲ್ಲಿ ಕೇಳಿದ: “ಯಾಕ್ಲಾ ಇಂಗೆ ಬಯ್ತೀಯ?”

ಬಡವನ ಕೋಪ ದವಡೆಗೆ ಮೂಲ ಎಂಬುದು ತಿಳಿಯದವನೇನಲ್ಲ. ಆದರೂ ಅವನ ಅವಧಿ ಮುಗಿಯುವವರೆಗೂ ‘ಬನ್ನಿ’, ‘ಹೋಗಿ’, ‘ತಾವು’... ಮುಯ್ಯಾಳು ನಿಲ್ಲಿಸಿ ಕೂಲಿಯವರನ್ನು ಕರೆದೆ. ನನ್ನದು ಒಣಗಿದ ವಾರವೇ ಅವನ ಸಸಿಮಡಿಯೂ ಒಣಗಿದ್ದು ನನ್ನ ಕಣ್ಣಿಗೆ ಬಿದ್ದಿತ್ತು. ಬಿದ್ದರೂ ಮನಸ್ಸು ಬಗ್ಗಲಿಲ್ಲ. ಎಂಥ ಮೂರ್ಖ ನಾನು!

ಊರವರು ಎಷ್ಟು ಹೇಳಿದರೂ ಅವನು ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. ಮೊಹರು ಒಪ್ಪಿಸಿದ ದಿನ ಸೀದಾ ನನ್ನ ಗದ್ದೆಗೇ ಬಂದ.

“ಈಗ ನಾನು ಅಧ್ಯಕ್ಷ ಅಲ್ಲ ಕಣ್ಲಾ. ಈಗ್ಲಾದ್ರೂ ಲೇ ಅನ್ನು.”

ನಾಲಿಗೆಯ ತುದಿಗೆ ಬಂದಿತ್ತು. “ಆಗ್ಲಿ ಬುಡಿ” ಎಂದುಬಿಟ್ಟೆ. ಅವನು ಗುದ್ದಲಿ ಹೆಗಲಿಗೇರಿಸಿಕೊಂಡು ಹೋದ. ಮುಂದಿನ ನಾಟಿಯ ಹೊತ್ತಿಗೆ ಎದೆನೋವು ಬಂದು ತೀರಿಕೊಂಡಿದ್ದ.

ಖಾತೆಪತ್ರವನ್ನು ಮೆಲ್ಲಗೆ ಮಡಿಸಿಟ್ಟೆ, ಆ ಕೆಸರು ಉದುರೀತೆಂಬ ಭಯ. ಈಗ ನನಗೂ ವಯಸ್ಸಾಯಿತು. ಊರಿನಲ್ಲಿ ಎಲ್ಲರೂ ನನ್ನನ್ನು ‘ಯಜಮಾನ್ರೇ’ ಅನ್ನುತ್ತಾರೆ. ‘ಲೇ’ ಅನ್ನುವವರು ಒಬ್ಬರೂ ಇಲ್ಲ.