ಸೆಲ್ವಿಯ ಅಂಗಡಿಯ ಸ್ಲೇಟು

ನಿವೃತ್ತಿಗೆ ಇನ್ನೆರಡು ವರ್ಷ ಇರುವಾಗ ನಾನು ವಿಮಾನಪುರದ ಪಕ್ಕದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತದ ಶಿಕ್ಷಕಿಯಾಗಿದ್ದೆ. ಜೊತೆಗೆ ನಗರದ ಪೂರ್ವ ಭಾಗದ ನಮ್ಮ ಶಿಕ್ಷಕರ ಸಂಘಕ್ಕೆ ಕಾರ್ಯದರ್ಶಿ. ಕಾರ್ಯದರ್ಶಿ ಅಂದರೆ ದೊಡ್ಡ ಕುರ್ಚಿ ಎಂದುಕೊಳ್ಳಬೇಡಿ. ಸಭೆಗೆ ಶಾಮಿಯಾನ ಹೇಳುವುದು, ಯಾರಿಗೋ ಸಂಬಳ ತಡವಾದರೆ ಕಚೇರಿಯ ಮೆಟ್ಟಿಲು ಹತ್ತುವುದು, ಎಲ್ಲರ ಕೈಲಿ ಬೈಸಿಕೊಳ್ಳುವುದು, ಇಷ್ಟೇ ಕೆಲಸ. ಆ ಕೆಲಸದಲ್ಲಿ ಕಂಡದ್ದರಲ್ಲಿ ಮರೆಯಬೇಕೆಂದರೂ ಮರೆಯಲಾಗದ ಒಂದು ಮಧ್ಯಾಹ್ನವನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಗ ನಮ್ಮನ್ನೆಲ್ಲ ಕಾಡುತ್ತಿದ್ದದ್ದು ಕಡ್ಡಾಯ ವರ್ಗಾವಣೆಯ ಕಾಯ್ದೆ. ನಗರದ ಶಾಲೆಗಳಲ್ಲಿ ಬಹಳ ವರ್ಷ ಇದ್ದವರು ದೂರದ ತಾಲ್ಲೂಕುಗಳಿಗೆ ಹೋಗಲೇಬೇಕು ಎಂಬುದು ಅದರ ಸಾರ. ಅದನ್ನು ರದ್ದು ಮಾಡಿ ಎಂದು ನಮ್ಮ ಸಂಘ ಶಾಸನಸಭೆಗೆ ಮನವಿ ಕೊಡಲು ಹೊರಟಿತು. ಮನವಿಯ ಕರಡು ನೋಡಿದ ಒಬ್ಬ ಶಾಸಕರು ನಕ್ಕುಬಿಟ್ಟರು. "ನಿಮ್ಮ ಸಹಿ ಎಷ್ಟಿದ್ರೂ ಅದು ನಿಮ್ಮ ಹೊಟ್ಟೆಪಾಡು ಮೇಡಂ. ಮಕ್ಕಳ ತಂದೆ ತಾಯಿ ಸಹಿ ಹಾಕ್ಲಿ, ಆಗ ಮಾತಾಡೋಣ" ಅಂದರು.

ಕಾರ್ಯಕಾರಿ ಸಮಿತಿ ಕೂತು ಒಂದು ತೀರ್ಮಾನ ಮಾಡಿತು. ಪ್ರತಿಯೊಬ್ಬ ಶಿಕ್ಷಕರೂ ತಮ್ಮ ತಮ್ಮ ಶಾಲೆಯ ಬೀದಿಗಳಿಗೇ ಹೋಗಬೇಕು. ನಾವು ಅಕ್ಷರ ಕಲಿಸಿದ ಮನೆಗಳು, ನಮ್ಮ ಮಾತನ್ನು ಯಾರು ತೆಗೆದುಹಾಕುತ್ತಾರೆ ಎಂದು ಎಲ್ಲರೂ ತಲೆಯಾಡಿಸಿದೆವು. ತರಗತಿಗೆ ಕಾಲಿಟ್ಟ ಕೂಡಲೇ ಮಕ್ಕಳು ಎದ್ದು ನಿಲ್ಲುವುದನ್ನು ಮೂವತ್ತು ವರ್ಷ ನೋಡಿದವರಿಗೆ ಇಂಥ ಭ್ರಮೆ ಸಹಜವಾಗಿ ಬರುತ್ತದೆ. ಬೇರೆ ಯಾವ ಇಲಾಖೆಯವರೂ ಇಂಥ ತಪ್ಪು ಮಾಡುತ್ತಿರಲಿಲ್ಲ.

ಶಿವಾಜಿನಗರದ ಒಂದು ಪ್ರಾಥಮಿಕ ಶಾಲೆಯ ವಿಮಲಾ ಟೀಚರ್ ಜೊತೆಗೆ ಆ ಶನಿವಾರ ಕಾರ್ಯದರ್ಶಿಯಾಗಿ ನಾನೂ ಹೊರಟೆ. ಅವರ ವಿಷಯ ಹೇಳಬೇಕು. ಬಾಣಸವಾಡಿಯಲ್ಲಿ ಅವರ ಮನೆ. ಗಂಡನಿಗೆ ಸ್ಟ್ರೋಕ್ ಆಗಿ ಬಲಭಾಗ ಬಿದ್ದುಹೋಗಿತ್ತು, ಮಾತೂ ನಿಂತಿತ್ತು. ಮಕ್ಕಳಿಲ್ಲ. ಬೆಳಗ್ಗೆ ಗಂಡನನ್ನು ಒರೆಸಿ, ಉಣ್ಣಿಸಿ, ಪಕ್ಕದ ಮನೆಯವರಿಗೆ ಕೀ ಕೊಟ್ಟು ಶಾಲೆಗೆ ಬರುತ್ತಿದ್ದರು. ಮಧ್ಯಾಹ್ನದ ಬಿಡುವಿನಲ್ಲಿ ಒಮ್ಮೆ ಆಟೋ ಹಿಡಿದು ಹೋಗಿ ಮಗ್ಗುಲು ಬದಲಿಸಿ ಬರುತ್ತಿದ್ದರು. ವರ್ಗಾವಣೆಯ ಪಟ್ಟಿಯಲ್ಲಿ ಅವರ ಹೆಸರೂ ಇತ್ತು. ವಿನಾಯಿತಿ ಕೇಳಲು ಹೋದರೆ, ಕಾಯಿಲೆ ನಿಮಗಿದ್ದರೆ ನೋಡಬಹುದಿತ್ತು ಎಂದು ಕಚೇರಿಯಲ್ಲಿ ಒಬ್ಬ ಗುಮಾಸ್ತ ಹೇಳಿ ಕಳಿಸಿದ್ದ. ಉಳಿದ ನಮಗೆಲ್ಲ ಈ ಮನವಿ ಒಂದು ಹೋರಾಟ. ವಿಮಲಾಗೆ ಅದು ಗಂಡನ ಉಸಿರು.

ಹಾಗೆಂದು ವಿಮಲಾ ಮೆತ್ತನೆಯ ಹೆಂಗಸು ಎಂದು ಯಾರೂ ಅಂದುಕೊಳ್ಳುವುದು ಬೇಡ. ಸುತ್ತಲಿನ ಶಾಲೆಗಳ ಇಡೀ ಕ್ಲಸ್ಟರಿನಲ್ಲಿ ಅವರ ಬೋರ್ಡ್ ಅಕ್ಷರಕ್ಕೆ ಎಷ್ಟು ಹೆಸರಿತ್ತೋ ಅವರ ಶಿಸ್ತಿಗೂ ಅಷ್ಟೇ ಹೆಸರಿತ್ತು. ಇನ್‌ಸ್ಪೆಕ್ಷನ್‌ಗೆ ಬಂದವರು ಆ ತರಗತಿಯ ಮೌನ ಕಂಡು ಹೊಗಳಿ ಹೋಗುತ್ತಿದ್ದರು. ಮಕ್ಕಳು ಯಾಕೆ ಅಷ್ಟು ಸುಮ್ಮನಿದ್ದಾರೆ ಎಂದು ನಾವ್ಯಾರೂ ಕೇಳಿರಲಿಲ್ಲ.

ಮಾರ್ಕೆಟ್ಟಿನ ಹಿಂದಿನ ಒಂದು ಓಣಿಗೆ ಹೋದೆವು. ಮೊದಲ ಬಾಗಿಲಿನಲ್ಲೇ ವಿಮಲಾ ತರಗತಿಯ ದನಿ ತೆಗೆದರು. "ಇಷ್ಟು ಹೊತ್ತಾ ಬಾಗಿಲು ತೆಗೆಯೋಕೆ?" ಸಹಿ ಕೇಳಲು ಬಂದವರು ಆಡುವ ಮಾತೇ ಅದು? ನಾನು ಮೊಣಕೈಯಿಂದ ತಿವಿದೆ. ಒಳಗಿನಿಂದ ಬಂದ ಹೆಂಗಸು ನಮ್ಮ ಕೈಯಲ್ಲಿದ್ದ ಹಾಳೆ ನೋಡಿ, "ಸೆಲ್ವಿ ಸೈನ್ ಮಾಡಿದ್ರಾ?" ಎಂದು ಕೇಳಿದಳು. ಇಲ್ಲ ಎಂದೆವು. "ಸೆಲ್ವಿ ಮಾಡ್ಲಿ, ಆಮೇಲೆ ನಾನು" ಅಂದು ಬಾಗಿಲು ಹಾಕಿಕೊಂಡಳು. ಎರಡನೆಯ ಮನೆಯಲ್ಲೂ ಅದೇ, ಮೂರನೆಯದರಲ್ಲೂ ಅದೇ. ಸೆಲ್ವಿ ಆ ಓಣಿಯ ಮಹಿಳಾ ಸಂಘ ನಡೆಸುವವಳು, ಓಣಿಯ ಕೊನೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದಾಳೆ ಎಂದು ತಿಳಿಯಿತು.

ಅಲ್ಲಿಗೇ ಹೋದೆವು. ಮೂವತ್ತರ ಆಚೀಚಿನ ಹೆಂಗಸು. ಬ್ಲೌಸಿನ ತೋಳು ಹೊಲಿಯುತ್ತಾ ಕೂತಿದ್ದವಳು ತಲೆಯೆತ್ತಿದಳು.

"ಏನ್ ಮಿಸ್, ಗುರ್ತು ಸಿಗ್ಲಿಲ್ವಾ? ಸೆಲ್ವಿ. ನಿಮ್ ಹತ್ರಾನೇ ಓದಿದ್ದು."

ವಿಮಲಾಗೆ ಗುರುತು ಸಿಕ್ಕಿರಲಿಲ್ಲ. ಆದರೂ ಮುಖ ಅರಳಿತು. ನಾನು ಮನವಿಯ ವಿಷಯ ಹೇಳಿದೆ. ಅವಳು ಸಮಾಧಾನವಾಗಿ ಕೇಳಿ, ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟಳು.

"ನಮ್ ತಮ್ಮ ಮಣಿ ನೆನಪಿದಾನಾ ಮಿಸ್? ಮೂರನೇ ಕ್ಲಾಸು. ಮನೇಲಿ ಬರೀ ತಮಿಳು, ಅವನಿಗೆ ಅಕ್ಷರ ಹತ್ತಿರ್ಲಿಲ್ಲ. ನೀವು ಸ್ಲೇಟ್ ಮೇಲೆ ಬರ್ದು ಕತ್ತಿಗೆ ಕಟ್ಟಿ ಎಲ್ಲಾ ಕ್ಲಾಸ್‌ಗೂ ಸುತ್ತಿಸಿದ್ರಿ. ನಾನು ಹೇಳೋವರ್ಗೂ ತೆಗೀಬಾರ್ದು ಅಂದ್ರಿ. ಬೆಲ್ ಹೊಡೀತು, ನೀವು ಹೋದ್ರಿ. ಅವ್ನು ಅದನ್ನ ಹಾಕ್ಕೊಂಡೇ ಮಾರ್ಕೆಟ್ ಒಳಗಿಂದ ಮನೆಗೆ ಬಂದ. ಎಲ್ರೂ ನಗ್ತಿದ್ರು. ಅಮ್ಮ ತೆಗೀಯಕ್ಕೆ ಹೋದ್ರೆ ಕಿರುಚ್ದ, ಮಿಸ್ ಹೇಳಿಲ್ಲ ಅಂತ. ಅದರ ಜೊತೇಲೇ ಮಲ್ಕೊಂಡ. ಬೆಳಗ್ಗೆ ಸ್ಕೂಲಿಗೆ ಎಬ್ಸಿದ್ರೆ ಏಳ್ಲೇ ಇಲ್ಲ. ಆಮೇಲೆ ಒಂದಿನಾನೂ ಹೋಗ್ಲಿಲ್ಲ."

ವಿಮಲಾ ಹುಬ್ಬು ಗಂಟಿಕ್ಕಿ ಯೋಚಿಸಿದರು. ನಿಜವಾಗಿಯೂ ಯೋಚಿಸಿದರು. "ನನಗೆ ನೆನಪಿಲ್ಲ ಸೆಲ್ವಿ" ಅಂದರು.

ಆ ಉತ್ತರ ಸುಳ್ಳಾಗಿದ್ದರೂ ಪರವಾಗಿರಲಿಲ್ಲ. ಎಷ್ಟು ಮಕ್ಕಳ ಕತ್ತಿಗೆ ಕಟ್ಟಿದ್ದರೋ, ಅದರಲ್ಲಿ ಈ ಮಣಿ ಯಾವನೆಂದು ಅವರಿಗೆ ಹೇಗೆ ನೆನಪಿರಬೇಕು?

ಸೆಲ್ವಿ ಕೂಗಾಡಲಿಲ್ಲ. ಹೊಲಿಗೆಯ ರೇಟು ಬರೆದು ನೇತುಹಾಕಿದ್ದ ಒಂದು ಮಕ್ಕಳ ಸ್ಲೇಟನ್ನು ಗೋಡೆಯಿಂದ ತೆಗೆದಳು. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಳಪದ ಜೊತೆ ವಿಮಲಾ ಮುಂದೆ ಇಟ್ಟಳು.

"ಅವತ್ತು ಬರ್ದಿದ್ದನ್ನೇ ಬರೀರಿ ಮಿಸ್. ನನಗೆ ನೆನಪಿದೆ, 'ನನಗೆ ಏನೂ ಬರುವುದಿಲ್ಲ.' ಹಾಕ್ಕೊಂಡು ಅಲ್ಲಿ ನೀರಿನ ಟ್ಯಾಂಕ್ ಹತ್ರ ನಿಂತ್ಕೊಳ್ಳಿ. ನಾನು ತೆಗೀರಿ ಅನ್ನೋವರ್ಗೂ. ಇಡೀ ಓಣಿ ಸೈನ್ ನಾನು ಹಾಕಿಸ್ತೀನಿ."

ನಾನು ಎದ್ದೆ. "ಬನ್ನಿ ವಿಮಲಾ, ಈ ಓಣಿ ಇಲ್ಲದಿದ್ರೆ ಇನ್ನೊಂದು."

ಅವರು ಏಳಲಿಲ್ಲ. "ನಾನು ಊರು ಬಿಟ್ಟರೆ ಅವರಿಗೆ ನೀರು ಕುಡಿಸೋರು ಯಾರು? ನೀವಾ?" ಎಂದು ಕೇಳಿ ಬಳಪ ಕೈಗೆ ತೆಗೆದುಕೊಂಡರು. ಅವರು ಬರೆದರು. ಆ ಹೊತ್ತಿನಲ್ಲೂ ಅಕ್ಷರ ಗುಂಡಗೆ, ಸಾಲು ನೇರ.

ಟ್ಯಾಂಕಿನ ಪಕ್ಕದಲ್ಲಿ ವಿಮಲಾ ನಿಂತರು. ಹತ್ತಿ ಸೀರೆ, ಕೈಗಡಿಯಾರ, ಕತ್ತಿನಲ್ಲಿ ಲೈನಿಂಗ್ ಬಟ್ಟೆಯ ಪಟ್ಟಿಯಿಂದ ಕಟ್ಟಿದ ಸ್ಲೇಟು. ಬಾಗಿಲುಗಳು ಒಂದೊಂದಾಗಿ ತೆರೆದವು. ಮೊದಲು ಪಿಸುಮಾತು, ಆಮೇಲೆ ನಗು. ಒಬ್ಬಳು ಫೋನ್ ಎತ್ತಿ ವಿಡಿಯೊ ತೆಗೆದಳು. ಒಬ್ಬ ಮುದುಕಿ ಕರುಣೆಯಿಂದ ಪ್ಲಾಸ್ಟಿಕ್ ಸ್ಟೂಲು ತಂದಳು. ಸೆಲ್ವಿ ಅದನ್ನು ಪಕ್ಕಕ್ಕೆ ಸರಿಸಿದಳು. "ಕೂರೋ ಹಾಗಿಲ್ಲ ಅಜ್ಜಿ. ನಮ್ ಮಣಿ ಕೂತಿರ್ಲಿಲ್ಲ."

ನಾನು ಪ್ಯಾಡ್ ಹಿಡಿದು ಸಹಿ ಹಾಕಿಸಿಕೊಳ್ಳುತ್ತಾ ಹೋದೆ. ವಿಮಲಾ ಕಡೆ ನೋಡಲು ನಾಚಿಕೆಯಾಗುತ್ತಿತ್ತು. ಹಾಳೆ ತುಂಬುತ್ತಿದೆ ಎಂಬ ಖುಷಿಯೂ ಇತ್ತು. ಎರಡೂ ನಿಜ, ಒಂದನ್ನು ಮಾತ್ರ ಬರೆದರೆ ಸುಳ್ಳಾಗುತ್ತದೆ.

ಸೆಲ್ವಿಯ ಸಹಿಯೊಂದು ಬಾಕಿ ಇತ್ತು. ಅಷ್ಟರಲ್ಲಿ ಈರುಳ್ಳಿ ಮೂಟೆಯ ತಳ್ಳುಗಾಡಿಯೊಂದು ಓಣಿಗೆ ಬಂತು. ತಳ್ಳುತ್ತಿದ್ದವನು ಎತ್ತರದ, ಗಟ್ಟಿ ಮೈಯ ಆಳು. ವಿಮಲಾರನ್ನು ಕಂಡವನೇ ಗಾಡಿ ಬಿಟ್ಟು ನೆಟ್ಟಗೆ ನಿಂತು, ತರಗತಿಯ ಹುಡುಗನ ಹಾಗೆ ಕೈಕಟ್ಟಿಕೊಂಡ.

"ನಮಸ್ತೆ ಮಿಸ್. ನಾನು ಮಣಿ." ಆಮೇಲೆ ಅವನ ಕಣ್ಣು ಸ್ಲೇಟಿನ ಮೇಲೆ ಬಿತ್ತು. ಅಕ್ಕನ ಕಡೆ ತಿರುಗಿ, "ಎನ್ನಕ್ಕಾ, ಅವತ್ತು ನಂಗೆ ಹಾಕಿದ್ದು ಇದೇ ಅಲ್ವಾ? ನನ್ ಹೆಸ್ರು?" ಅಂದ.

ಸೆಲ್ವಿಯ ಮುಖ ಬಿಳಿಚಿಕೊಂಡಿತು. ನನಗೆ ಆಗ ಅರ್ಥವಾಯಿತು. ಅಳುತ್ತಾ ಬಂದ ತಮ್ಮನಿಗೆ ಆ ರಾತ್ರಿ ಈ ಅಕ್ಕ, ಇದರಲ್ಲಿ ನಿನ್ನ ಹೆಸರು ಬರೆದಿದೆ ಕಣೋ ಎಂದು ಹೇಳಿ ಮಲಗಿಸಿದ್ದಳು. ಓದಲು ಬಾರದ ಅವನು ಇಷ್ಟು ವರ್ಷ ಅದನ್ನೇ ನಂಬಿಕೊಂಡಿದ್ದ.

"ನನ್ ಹೆಸ್ರನ್ನ ನೀವ್ಯಾಕೆ ಹಾಕ್ಕೊಂಡಿದೀರ ಮಿಸ್?" ಎಂದು ಮಣಿ ನಗುತ್ತಾ ಕೇಳಿದ.

ಸೆಲ್ವಿ ವಿಮಲಾ ಕಡೆ ನೋಡಿ, ಬೇಡ ಎಂದು ತಲೆ ಅಲ್ಲಾಡಿಸಿದಳು. ಕಣ್ಣಿನಲ್ಲೇ ಅಂಗಲಾಚಿದಳು. ಹೌದು ಕಣಪ್ಪಾ, ನಿನ್ನ ಹೆಸರೇ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ವಿಮಲಾ ಮೂವತ್ತು ವರ್ಷ ತಪ್ಪು ಉತ್ತರವನ್ನು ಹಾಗೇ ಬಿಟ್ಟವರಲ್ಲ.

"ತಪ್ಪು" ಅಂದರು. ಬೆರಳಿಟ್ಟು, ಒಂದೊಂದೇ ಪದ ತೋರಿಸಿ ಓದಿದರು. "ನನಗೆ. ಏನೂ. ಬರುವುದಿಲ್ಲ. ಹೀಗೆ ಬರೆದಿದೆ."

"ಅವತ್ತೂನಾ?"

"ಅವತ್ತೂ ಅದೇ."

ಮಣಿ ಕಟ್ಟಿದ್ದ ಕೈ ಬಿಚ್ಚಿದ. ವಿಮಲಾ ಕಡೆ ನೋಡಲಿಲ್ಲ, ಅಕ್ಕನನ್ನೇ ನೋಡಿದ. ಆಮೇಲೆ ಗಾಡಿ ತಳ್ಳಿಕೊಂಡು ಹೋದ. ಈಗ ಯಾರೂ ನಗುತ್ತಿರಲಿಲ್ಲ.

ಸೆಲ್ವಿ ನನ್ನ ಕೈಯಿಂದ ಪ್ಯಾಡ್ ಕಿತ್ತುಕೊಂಡು ಸಹಿ ಗೀಚಿದಳು. ಮಾತು ಕೊಟ್ಟಿದ್ದಳು, ಉಳಿಸಿಕೊಂಡಳು. ಒಳಗೆ ಹೋಗಿ ಮಿಷನ್ ತುಳಿಯತೊಡಗಿದಳು. ತೆಗೀರಿ ಎಂದು ಮಾತ್ರ ಹೇಳಲಿಲ್ಲ.

"ಬಿಚ್ಚಿ ವಿಮಲಾ" ಅಂದೆ.

"ಅವಳು ಹೇಳಿಲ್ಲ."

ಅದನ್ನು ಕತ್ತಿಗೆ ಹಾಕಿಕೊಂಡೇ ಅವರು ಮಾರ್ಕೆಟ್ಟಿನ ಒಳಗಿನಿಂದ ನಡೆದರು. ಹಣ್ಣಿನವರು, ಮೀನಿನವರು, ಎಲ್ಲರೂ ನೋಡಿದರು. ನಾನು ಹಿಂದೆ ಹಿಂದೆ ಹೋದೆ. ಬಸ್ ನಿಲ್ದಾಣ ಬಂದಾಗ ತಡೆಯಲಾರದೆ ನಾನೇ ಅದನ್ನು ಕಿತ್ತು ನನ್ನ ಚೀಲಕ್ಕೆ ತುರುಕಿದೆ. ಅವರು ಕೈಗಡಿಯಾರ ನೋಡಿಕೊಂಡರು. "ಬೇಗ ಹೋಗಬೇಕು, ಮಗ್ಗುಲು ಬದಲಿಸಬೇಕು" ಎಂದು ಬಾಣಸವಾಡಿಯ ಬಸ್ಸು ಹತ್ತಿದರು.

ಮನವಿ ಕೊಟ್ಟೆವು. ಸ್ವೀಕರಿಸಲಾಗಿದೆ, ಪರಿಶೀಲನೆಯಲ್ಲಿದೆ ಎಂದು ಉತ್ತರ ಬಂತು. ಪರಿಶೀಲನೆ ಮುಗಿಯುವ ಮೊದಲೇ ಕೌನ್ಸೆಲಿಂಗ್ ಬಂತು. ಅಂದರೆ ಸರದಿಯ ಪ್ರಕಾರ ಒಳಗೆ ಕರೆದು, ಪರದೆಯ ಮೇಲೆ ಉಳಿದಿರುವ ಊರುಗಳನ್ನು ತೋರಿಸಿ, ಆರಿಸಿಕೊಳ್ಳಿ ಅನ್ನುವುದು. ವಿಮಲಾರ ಸರದಿ ಬರುವ ಹೊತ್ತಿಗೆ ಉಳಿದಿದ್ದವೆಲ್ಲ ರೈಲಿನಲ್ಲಿ ರಾತ್ರಿಯಿಡೀ ಹೋಗಬೇಕಾದ ಊರುಗಳು. ಒಂದನ್ನು ಆರಿಸಿಕೊಂಡರು. ಗಂಡನನ್ನು ನಾದಿನಿಯ ಮನೆಯಲ್ಲಿ ಬಿಟ್ಟುಹೋದರು. ಅಲ್ಲಿ ಅವರ ಬೆನ್ನಿನಲ್ಲಿ ಹುಣ್ಣಾಯಿತು, ಅದು ವಾಸಿಯಾಗಲಿಲ್ಲ. ಸಾವಿನ ಸುದ್ದಿ ಮುಟ್ಟಿ ವಿಮಲಾ ಬಂದು ಸೇರುವಷ್ಟರಲ್ಲಿ ಮನೆಯವರು ಕಾದು ಸಾಕಾಗಿ ಎಲ್ಲ ಮುಗಿಸಿದ್ದರು.

ಆಗ ನೋಡಲು ಹೋದ ನನ್ನನ್ನು ವಿಮಲಾ ಕೇಳಿದ್ದು ಒಂದೇ ಮಾತು. "ಆ ಸ್ಲೇಟು ನಿಮ್ಮ ಹತ್ತಿರವೇ ಇದೆಯಾ? ಅದು ಅವಳ ಅಂಗಡಿಯದು, ವಾಪಸ್ ಕೊಟ್ಟುಬಿಡಿ."

ಕೊಡಲು ಹೋದೆ. ಸೆಲ್ವಿ ಸ್ಲೇಟು ತೆಗೆದುಕೊಂಡು ಮಗುಚಿ ಇಟ್ಟಳು. ಮಣಿ ಬೇರೆ ಮನೆ ಮಾಡಿದ್ದಾನೆ, ಅಷ್ಟಾಗಿ ಮಾತಿಲ್ಲ ಅಂದಳು. ನಾನು ಕೇಳದೆಯೇ ವಿಮಲಾರ ಸುದ್ದಿಯನ್ನೆಲ್ಲ ಹೇಳಿದೆ, ವರ್ಗಾವಣೆಯನ್ನೂ, ಗಂಡನ ಸಾವನ್ನೂ. ಅವಳು ಸ್ವಲ್ಪವಾದರೂ ನೋಯಲಿ ಎಂದೇ ಹೇಳಿದೆ. ಅವಳು ದಾರ ಕಚ್ಚಿ ಕತ್ತರಿಸಿ, ಸೂಜಿಗೆ ಪೋಣಿಸಿಕೊಂಡಳು.

"ಪಾಪ" ಅಂದಳು. ಆಮೇಲೆ, "ಅಲ್ಲೂ ಮಕ್ಕಳು ಇರ್ತಾರಲ್ವಾ ಮೇಡಂ?" ಎಂದು ಕೇಳಿದಳು.

ನಾನು ಚೀಲ ಹೆಗಲಿಗೇರಿಸಿ ಅಂಗಡಿಯಿಂದ ಇಳಿದೆ.

ಈ ಪ್ರಕರಣದಿಂದ ಕಾರ್ಯದರ್ಶಿಯಾಗಿ ನಾನು ಕಲಿತದ್ದನ್ನು ಮುಂದಿನ ಸಭೆಯಲ್ಲೇ ಜಾರಿಗೆ ತಂದೆ. ಸಹಿಗೋ ವಂತಿಗೆಗೋ ಹೋಗುವಾಗ ಯಾವ ಶಿಕ್ಷಕರೂ ತಮ್ಮ ಶಾಲೆಯ ಬೀದಿಗೆ ಹೋಗಬಾರದು. ಹಲಸೂರಿನವರು ಕೆ.ಆರ್. ಪುರಕ್ಕೆ, ಕೆ.ಆರ್. ಪುರದವರು ಹಲಸೂರಿಗೆ. ಯಾಕೆ ಎಂದು ಒಬ್ಬರಾದರೂ ಕೇಳುತ್ತಾರೆ ಎಂದುಕೊಂಡಿದ್ದೆ. ಯಾರೂ ಕೇಳಲಿಲ್ಲ, ಎಲ್ಲರೂ ಒಂದೇ ಏಟಿಗೆ ಕೈ ಎತ್ತಿದರು. ನಮ್ಮ ಸಂಘದಲ್ಲಿ ಅಷ್ಟು ಬೇಗ ಒಮ್ಮತದಿಂದ ಪಾಸಾದ ನಿರ್ಣಯ ಇನ್ನೊಂದಿಲ್ಲ. ನಾನು ನಿವೃತ್ತಳಾಗಿ ಇಷ್ಟು ದಿನವಾಯಿತು, ವಿಮಾನಪುರದ ಪಕ್ಕದ ನನ್ನ ಶಾಲೆಯ ಹಿಂದಿನ ಬೀದಿಗಳಿಗೆ ಇವತ್ತಿಗೂ ಕಾಲಿಟ್ಟಿಲ್ಲ.